ಪೆಡಲ್ ಸ್ಟೀಲ್ ಶ್ರುತಿ ಇಳಿಸಬೇಕಾ? ಯಾವ ದಾರಿ ಯಾರಿಗೆ ವಾಸಿ

ಹಾಸನದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಇಟ್ಟುಕೊಂಡು ಆಟೋ ಹತ್ತಿದರೆ ಡ್ರೈವರ್ ಕೇಳುವ ಮೊದಲ ಪ್ರಶ್ನೆ, "ಹೊಲಿಗೆ ಮಿಷನ್ನಾ ಸಾರ್?" ಅವರ ತಪ್ಪೇನಿಲ್ಲ. ನಾಲ್ಕು ಕಾಲು, ಮೇಲೊಂದು ಹಲಗೆ, ಕೆಳಗೆ ಪೆಡಲ್, ಮಂಡಿ ತಾಗುವ ಕಡೆ ಕಬ್ಬಿಣದ ಲಿವರ್‌ಗಳು. ನನ್ನದು ಭಾವ ಅಮೆರಿಕದಿಂದ ಬರುವಾಗ ತಂದುಕೊಟ್ಟ ಸೆಕೆಂಡ್ ಹ್ಯಾಂಡ್ ವಾದ್ಯ. ಹತ್ತು ತಂತಿ, ಮೂರು ಪೆಡಲ್, ನಾಲ್ಕು ಲಿವರ್. ಪೆಡಲ್ ತುಳಿದರೆ, ಮಂಡಿಯಲ್ಲಿ ಲಿವರ್ ಒತ್ತಿದರೆ ಕೆಲವು ತಂತಿಗಳ ಸ್ವರ ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೈಗೆ ನಮ್ಮ ಬೀರು ಬಾಗಿಲಿಗೆ ಅಂಟಿಸುತ್ತಾರಲ್ಲ, ಅಂಥದ್ದೇ ಮೈಕಾ. ಪೆಟ್ಟಿಗೆ ಸೇರಿ ಎತ್ತಿದರೆ ಸೊಂಟ ಹಿಡಿಯುತ್ತದೆ.

ನಮ್ಮ ತಂಡದಲ್ಲಿ ಭಾವಗೀತೆ ಹಾಡುವ ಅಣ್ಣ ಒಬ್ಬರಿದ್ದಾರೆ. ಬಿಳಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಅವರ ಶ್ರುತಿ. ಒಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ಕಾಫಿ ಕುಡಿಯುತ್ತಾ, "ಎಲ್ಲಾ ಚೆನ್ನಾಗಿದೆ ಕಣೋ, ಆದ್ರೆ ನಿನ್ನ ತಂತಿ ಸ್ವಲ್ಪ ಕಿರುಚತ್ತೆ. ಇಡೀ ವಾದ್ಯವನ್ನೇ ಒಂದು ಮನೆ ಇಳಿಸೋಕಾಗಲ್ವಾ?" ಅಂದರು. "ಅದೇನಣ್ಣ, ತಂತಿ ಬಿಗಿಸೋ ಕೀಲಿ ತಿರುಗಿಸಿದ್ರೆ ಆಯ್ತು" ಅಂದುಬಿಟ್ಟೆ. ಆ ಒಂದು ಮಾತಿಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ್ದಾಯಿತು. ಮುಂದೆ ಇರುವುದು ಅದರ ಲೆಕ್ಕ.

ಮೊದಲೇ ಒಂದು ಮಾತು. ಯಾವ ದಾರಿ ಅಂತ ಕೇಳುವ ಮುಂಚೆ, ಯಾಕೆ ಇಳಿಸಬೇಕು ಅಂತ ಕೇಳಿಕೊಳ್ಳಿ. ಸಾಮಾನ್ಯವಾಗಿ ಕಾರಣ ಮೂರೇ. ಒಂದು, ಹಾಡುವವರ ಶ್ರುತಿಗೆ ಹೊಂದಿಸಬೇಕು. ಎರಡು, ದನಿ ಚೂಪು ಅನ್ನಿಸುತ್ತದೆ, ಸ್ವಲ್ಪ ತುಂಬಿದ ದನಿ ಬೇಕು. ಮೂರು, ಮೂರನೇ ತಂತಿ ಮೇಲಿಂದ ಮೇಲೆ ತುಂಡಾಗುತ್ತಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ನಾನು ಮೂರನ್ನೂ ಒಂದೇ ಗಂಟು ಕಟ್ಟಿಕೊಂಡು ಹೊರಟಿದ್ದಕ್ಕೇ ಎರಡು ತಿಂಗಳು ಆಗಿದ್ದು.

ಹಾಡುಗಾರರ ಶ್ರುತಿಗೋಸ್ಕರ ಆದರೆ

ಹಾಗಾದರೆ ತಂತಿ ಮುಟ್ಟಲೇಬೇಡಿ. ಇದು ಬಾರ್, ಅಂದರೆ ಉಕ್ಕಿನ ಗುಂಡು ಸರಳು, ತಂತಿಗಳ ಮೇಲೆ ಇಟ್ಟು ಜಾರಿಸುತ್ತಾ ನುಡಿಸುವ ವಾದ್ಯ. ಸಾದಾ ಗಿಟಾರಿನಲ್ಲಿ ಇರುವ ಹಾಗೆ ತೆರೆದ ತಂತಿಯ ಕಾರ್ಡ್ ಮೇಲೇ ಬದುಕುವ ಗೋಜು ಇಲ್ಲಿಲ್ಲ. ಬಾರ್ ಎಲ್ಲಿಟ್ಟರೆ ಅದೇ ಷಡ್ಜ.

ಹೆಚ್ಚಿನವರ ಹತ್ತಿರ ಇರುವುದು ಇ9 ಟ್ಯೂನಿಂಗ್. ಆಚೆ ತುದಿಯ ತಂತಿಯಿಂದ ನಮ್ಮ ಕಡೆಗೆ ಎಣಿಸಿದರೆ ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ನಮ್ಮ ಲೆಕ್ಕದಲ್ಲಿ ಬಿಳಿ ಮೂರು. ಬಿಳಿ ಎರಡರಲ್ಲಿ, ಅಂದರೆ ಡಿ ಸ್ಕೇಲಿನಲ್ಲಿ, ಹಾಡುವವರು ಬಂದರೆ ಪೆಡಲ್ ತುಳಿಯದೆ ಬಾರನ್ನು 10ನೇ ಫ್ರೆಟ್ಟಿಗೆ ಇಡಿ. ಎ ಮತ್ತು ಬಿ ಪೆಡಲ್ (ಇವು ಪೆಡಲಿನ ಹೆಸರು, ಸ್ವರದ್ದಲ್ಲ) ಎರಡೂ ತುಳಿದರೆ ಅದೇ ಡಿ ಕಾರ್ಡ್ 5ನೇ ಫ್ರೆಟ್ಟಲ್ಲಿ ಸಿಗುತ್ತದೆ. ಎ ಪೆಡಲ್ ಜೊತೆ ಎಫ್ ಲಿವರ್, ಅಂದರೆ ಇ ತಂತಿಯನ್ನು ಎಫ್‌ಗೆ ಏರಿಸುವ ಲಿವರ್, ಒತ್ತಿದರೆ 1ನೇ ಫ್ರೆಟ್. ಮೂರು ಮನೆ, ಮೂರು ಬಣ್ಣ. ನಾಳೆ ಕರಿ ಒಂದು (ಸಿ ಶಾರ್ಪ್) ಅಂದರೆ ಮೂರನ್ನೂ ಒಂದು ಫ್ರೆಟ್ ಹಿಂದಕ್ಕೆ ತಂದರೆ ಆಯಿತು. ಹಾಡುಗಾರರ ಶ್ರುತಿಗಾಗಿ ಈ ವಾದ್ಯದ ಕೀಲಿ ತಿರುಗಿಸುವುದು, ಎದುರು ಮನೆಗೆ ಹೋಗೋಕೆ ಬಸ್ ಹತ್ತಿದ ಹಾಗೆ.

ಒಂದೇ ಒಂದು ವಿನಾಯಿತಿ ಇದೆ. ತೆರೆದ ತಂತಿಯನ್ನೇ ತಂಬೂರಿ ಥರ ಮೀಟುತ್ತಾ, ಅದರ ಮೇಲೆ ಬಾರ್ ಜಾರಿಸುತ್ತಾ ನುಡಿಸುವುದು ನಿಮ್ಮ ರೂಢಿಯಾದರೆ ತೆರೆದ ತಂತಿ ಹಾಡುಗಾರರ ಷಡ್ಜದಲ್ಲೇ ಇರಬೇಕು. ಆಗ ಮುಂದೆ ಓದಿ.

ದನಿ ಚೂಪು ಅನ್ನುವವರಿಗೆ ಒಂದು ಮಾತು

ಕೀಲಿ ತಿರುಗಿಸುವ ಮೊದಲು ಆಂಪ್ಲಿಫೈಯರ್ ಕಡೆ ನೋಡಿ. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಸ್ಟೀಲಿನ ವೈರನ್ನು ನೇರವಾಗಿ ಮಿಕ್ಸರ್‌ಗೆ ಚುಚ್ಚುತ್ತಾರೆ. ಅಲ್ಲಿಂದ ಆ ದೊಡ್ಡ ಹಾರ್ನ್ ಇರುವ ಸ್ಪೀಕರ್. ಕಿರುಚದೆ ಇನ್ನೇನಾದೀತು? ಸ್ಟೀಲ್ ನುಡಿಸುವವರು ಹಿಂದಿನಿಂದಲೂ 15 ಇಂಚಿನ ಸ್ಪೀಕರ್ ಇರುವ ಆಂಪ್ ಹುಡುಕುವುದು ಸುಮ್ನೆ ಅಲ್ಲ. ಟ್ರೆಬಲ್ ಸ್ವಲ್ಪ ಇಳಿಸಿ, ಮೀಟುವ ಕೈಯನ್ನು ತಂತಿಯ ದನಿ ಹಿಡಿಯುವ ಪಿಕಪ್‌ನಿಂದ ನಾಲ್ಕು ಬೆರಳು ಎಡಕ್ಕೆ ಸರಿಸಿ ನೋಡಿ. ನನ್ನ ಅಂದಾಜಿನಲ್ಲಿ ಕಿರುಚಾಟದ ಅರ್ಧ ಅಲ್ಲೇ ಹೋಗುತ್ತದೆ. ಉಳಿದ ಅರ್ಧಕ್ಕೆ ಮಾತ್ರ ಶ್ರುತಿಯ ಮಾತು.

ಇದ್ದ ತಂತಿಯನ್ನೇ ಸಡಿಲಿಸುವುದು

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದೇ. ದುಡ್ಡಿಲ್ಲ, ಕಾಸಿಲ್ಲ, ಹತ್ತು ಕೀಲಿ ತಿರುಗಿಸು, ಇಳಿಯಿತು. ಇದರಲ್ಲೇ ನಾನು ಬಿದ್ದಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇ9ರಲ್ಲಿ ಒಂದೊಂದು ತಂತಿಯ ಎಳೆತ ಹೆಚ್ಚೂಕಮ್ಮಿ 12-13 ಕೆಜಿ. ಹತ್ತು ತಂತಿ ಸೇರಿದರೆ ಒಂದು ಕ್ವಿಂಟಾಲ್ ದಾಟುತ್ತದೆ. ಎರಡು ಮೂಟೆ ಆಲೂಗಡ್ಡೆಯನ್ನು ಆ ಹಲಗೆಗೆ ನೇತು ಹಾಕಿದ ಹಾಗೆ. ಅರ್ಧ ಸ್ವರ ಇಳಿಸಿದರೆ ಎಳೆತ ನೂರಕ್ಕೆ 11ರಷ್ಟು ಕಮ್ಮಿಯಾಗುತ್ತದೆ. ಪೂರ್ತಿ ಒಂದು ಸ್ವರ ಇಳಿಸಿದರೆ ಹತ್ತಿರ ಹತ್ತಿರ 21. ಸ್ವರ ಇಳಿಯುವುದು ಕಮ್ಮಿ, ಎಳೆತ ಇಳಿಯುವುದು ಜಾಸ್ತಿ. ಸಾದಾ ಗಿಟಾರ್ ಆಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ಪೆಡಲ್ ಇದೆಯಲ್ಲ.

ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದು ಸ್ವರ ಏರಿಸುವುದು, ಆ ಕೊರಗಿದ ಹಾಗೆ ಕೇಳುವ ಏರಿಕೆ, ಈ ವಾದ್ಯದ ಪ್ರಾಣ. 1954ರಲ್ಲಿ ಸ್ಟೀಲ್ ಗಿಟಾರ್ ವಾದಕ ಬಡ್ ಐಸಾಕ್ಸ್ ಅದನ್ನು ಅಮೆರಿಕದ ರೇಡಿಯೋಗಳಲ್ಲಿ ಕೇಳಿಸಿದ ಮೇಲೆ ಲ್ಯಾಪ್ ಸ್ಟೀಲಿನವರೆಲ್ಲ (ಪೆಡಲ್ ಇಲ್ಲದ, ತೊಡೆ ಮೇಲಿನ ಗಿಟಾರ್ ನುಡಿಸುವವರು) ಪೆಡಲ್ ಹಿಂದೆ ಬಿದ್ದರು. ಎ ಪೆಡಲ್ 5 ಮತ್ತು 10ನೇ ತಂತಿಯನ್ನು ಪೂರ್ತಿ ಒಂದು ಸ್ವರ ಏರಿಸುತ್ತದೆ. ಬಿ ಪೆಡಲ್ 3 ಮತ್ತು 6ನೇ ತಂತಿಯನ್ನು ಅರ್ಧ ಸ್ವರ. ಪೆಡಲ್ ಎಷ್ಟು ದೂರ ಎಳೆಯುತ್ತದೋ ಅದು ಹಳೇ ಶ್ರುತಿಯ ಲೆಕ್ಕಕ್ಕೆ ಕೂರಿಸಿದ ದೂರ. ಸಡಿಲವಾದ ತಂತಿಯನ್ನು ಅಷ್ಟೇ ದೂರ ಎಳೆದರೆ ಸ್ವರ ಹೆಚ್ಚು ಏರುತ್ತದೆ.

ನನಗಿದು ಗೊತ್ತಾದದ್ದು ಗಣಪತಿ ಹಬ್ಬದ ಕಾರ್ಯಕ್ರಮದಲ್ಲಿ. ಮಧ್ಯಾಹ್ನ ಮನೆಯಲ್ಲಿ ಕೂತು ಹತ್ತೂ ಕೀಲಿ ಇಳಿಸಿದೆ. ತೆರೆದ ತಂತಿ ಮೊಬೈಲಿನ ಟ್ಯೂನರ್ ಆಪ್‌ನಲ್ಲಿ ಹಸಿರು ತೋರಿಸಿತು. ಖುಷಿಯಾಗಿ ಪ್ಯಾಕ್ ಮಾಡಿ ಹೊರಟೆ. ಸಂಜೆ ಮೊದಲನೇ ಹಾಡು. ಪಲ್ಲವಿ ಮುಗಿಯಿತು, ನನ್ನ ಸರದಿ ಬಂತು, ಎ ಪೆಡಲ್ ತುಳಿದೆ. ಸ್ವರ ಏರಿತು. ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನೂ ಏರಿತು. ಕೀಬೋರ್ಡಿನ ಹುಡುಗ ತಿರುಗಿ ನೋಡಿದ. ಅಣ್ಣ ಕಣ್ಣು ಮುಚ್ಚಿಕೊಂಡರು. ಭಕ್ತಿಯಿಂದ ಅಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಪೂರ್ತಿ ಒಂದು ಸ್ವರ ಇಳಿಸಿದ ತಂತಿಯಲ್ಲಿ ಎ ಪೆಡಲ್ ಸುಮಾರು 45 ಸೆಂಟ್ ಹೆಚ್ಚು ಏರಿಸುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಅಂದರೆ, ಇದು ಹೆಚ್ಚೂಕಮ್ಮಿ ಕಾಲು ಸ್ವರ. ಬಿ ಪೆಡಲ್ ಸುಮಾರು 25 ಸೆಂಟ್ ಹೆಚ್ಚು. ಇ ತಂತಿಯನ್ನು ಅರ್ಧ ಸ್ವರ ಇಳಿಸುವ ಲಿವರ್ ಕೂಡ ಅಷ್ಟೇ, 25-30 ಸೆಂಟ್ ಜಾಸ್ತಿ ಇಳಿಸುತ್ತದೆ. ಅಂದರೆ ತೆರೆದ ತಂತಿ ಮಾತ್ರ ಸರಿ, ಉಳಿದದ್ದೆಲ್ಲ ತಪ್ಪು. ಅರ್ಧ ಸ್ವರ ಮಾತ್ರ ಇಳಿಸಿದ್ದರೆ ಎ ಪೆಡಲ್ ತಪ್ಪು 20 ಸೆಂಟ್ ಆಸುಪಾಸು. ಅದೂ ಕಿವಿಗೆ ಗೊತ್ತಾಗುತ್ತದೆ, ಆದರೆ ಇಷ್ಟು ಮಾನ ಹೋಗುತ್ತಿರಲಿಲ್ಲ.

ಸರಿಮಾಡುವುದು ಕಷ್ಟವಲ್ಲ, ತಾಳ್ಮೆ ಬೇಕು. ವಾದ್ಯದ ಬಲಗಡೆ ತುದಿಯಲ್ಲಿ ಸಾಲಾಗಿ ನೈಲಾನ್ ನಟ್‌ಗಳಿರುತ್ತವೆ. ಪೆಡಲ್ ತುಳಿದು ಹಿಡಿದುಕೊಂಡು, ಆಯಾ ತಂತಿಯ ನಟ್ಟನ್ನು ಸಡಿಲಿಸುತ್ತಾ ಟ್ಯೂನರ್ ನೋಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಯಾವ ನಟ್ ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ. ವಾಪಸ್ ಇ9ಕ್ಕೆ ಹೋಗುವ ದಿನ ಆ ಪುಟ ಬೇಕಾಗುತ್ತದೆ. ನಟ್ ಸಡಿಲಿಸಿದಷ್ಟೂ ಪೆಡಲ್ ಶುರುವಿನಲ್ಲಿ ಸ್ವಲ್ಪ ದೂರ ಖಾಲಿ ಓಡುತ್ತದೆ, ಕಾಲು ಒತ್ತಿದರೂ ಏನೂ ಆಗುವುದಿಲ್ಲ. ಅದು ಹಿಡಿಸದಿದ್ದರೆ ಪೆಡಲ್ ನಿಲ್ಲುವ ಸ್ಟಾಪ್ ಸ್ಕ್ರೂವನ್ನೇ ಹೊಂದಿಸಬೇಕು.

ಇನ್ನೆರಡು ವಿಷಯ. ಹತ್ತು ತಂತಿ ಇಳಿಸುತ್ತಾ ಹೋದ ಹಾಗೆ ಮೈಮೇಲಿನ ಭಾರ ಕಮ್ಮಿಯಾಗಿ ಮರ ಸ್ವಲ್ಪ ಹಿಂದಕ್ಕೆ ಬರುತ್ತದೆ. ಮೊದಲು ಇಳಿಸಿದ ತಂತಿಗಳು ಕೊನೆಗೆ ಬರುವಷ್ಟರಲ್ಲಿ ಮತ್ತೆ ಏರಿರುತ್ತವೆ. ಒಂದೇ ಸುತ್ತಿನಲ್ಲಿ ಮುಗಿಯಿತು ಅಂದುಕೊಳ್ಳಬೇಡಿ. ಮೂರು ಸುತ್ತು ಬನ್ನಿ, ರಾತ್ರಿ ಬಿಡಿ, ಬೆಳಿಗ್ಗೆ ಮತ್ತೊಂದು ಸುತ್ತು. ಎರಡನೆಯದು ಕಾಲಿನ ಅನುಭವ. ತಂತಿ ಸಡಿಲವಾದರೆ ಏರಿಸುವ ಪೆಡಲ್‌ಗಳು ಹಗುರವಾಗುತ್ತವೆ, ಇಳಿಸುವ ಲಿವರ್‌ಗಳು ಬಿಗಿಯಾಗುತ್ತವೆ. ವಿಚಿತ್ರ ಅನ್ನಿಸಬಹುದು. ಇಳಿಸುವ ಲಿವರ್ ಒತ್ತುವಾಗ ಒಳಗಿನ ಸ್ಪ್ರಿಂಗ್ ನಿಮ್ಮ ಮಂಡಿಗೆ ಎದುರು, ತಂತಿಯ ಎಳೆತ ನಿಮ್ಮ ಕಡೆ. ಎಳೆತ ಕಮ್ಮಿಯಾದರೆ ಸಹಾಯ ಮಾಡುವವರು ಕಮ್ಮಿಯಾದ ಹಾಗೆ. ಆ ಸ್ಪ್ರಿಂಗನ್ನು ಒಂದಿಷ್ಟು ಸಡಿಲಿಸಿದರೆ ಸರಿಹೋಗುತ್ತದೆ.

ಹಾಗಾದರೆ ಈ ದಾರಿ ಯಾರಿಗೆ? ಅರ್ಧ ಸ್ವರ, ಅಂದರೆ ಕರಿ ಎರಡಕ್ಕೆ ಇಳಿಸುವವರಿಗೆ ಧಾರಾಳವಾಗಿ ಸಾಕು. ತಂತಿ ಇನ್ನೂ ಗಟ್ಟಿಯಾಗೇ ಇರುತ್ತದೆ. ಪೂರ್ತಿ ಒಂದು ಸ್ವರಕ್ಕೆ ನನಗೆ ಹಿಡಿಸಲಿಲ್ಲ. ಕಾಲು ಕೆಜಿ ಹತ್ತಿರ ತೂಗುವ ಬಾರ್ ಕೆಳಗೆ ಸುತ್ತಿದ ತಂತಿಗಳು (ಮೇಲೆ ಸಣ್ಣ ಎಳೆ ಸುತ್ತಿರುವ ದಪ್ಪ ತಂತಿಗಳು) ಕುಸಿಯುತ್ತವೆ, ಸ್ವಲ್ಪ ಒತ್ತಿದರೂ ಸ್ವರ ಅಲ್ಲಾಡುತ್ತದೆ, ಜೋರಾಗಿ ಮೀಟಿದರೆ ಗರ್ ಅನ್ನುತ್ತದೆ.

ದಪ್ಪ ತಂತಿ ಹಾಕಿ ಡಿ9ಕ್ಕೆ ಇಳಿಸುವುದು

ಕೊನೆಗೆ ನಾನು ನಿಂತಿದ್ದು ಇಲ್ಲಿ. ಇ9ರ ಎಲ್ಲ ಸ್ವರಗಳೂ ಒಂದೊಂದು ಸ್ವರ ಇಳಿದರೆ ಡಿ9. ಇ, ಸಿ ಶಾರ್ಪ್, ಎಫ್ ಶಾರ್ಪ್, ಡಿ, ಎ, ಎಫ್ ಶಾರ್ಪ್, ಇ, ಡಿ, ಸಿ, ಎ. ಪೆಡಲ್‌ಗಳ ಕೆಲಸ ಅದೇ, ಕೈಯ ರೂಢಿ ಅದೇ, ಬಾರ್ ಮಾತ್ರ ಎರಡು ಫ್ರೆಟ್ ಮುಂದೆ. ಬಿಳಿ ಎರಡಕ್ಕೆ ಈಗ ತೆರೆದ ತಂತಿಯೇ ಷಡ್ಜ. ಎ, ಬಿ ಎರಡೂ ತುಳಿದರೆ 7ನೇ ಫ್ರೆಟ್, ಎ ಜೊತೆ ಎಫ್ ಲಿವರ್ ಆದರೆ 3ನೇ ಫ್ರೆಟ್.

ಎಷ್ಟು ದಪ್ಪ? ಎಳೆತ ಮೊದಲಿನಷ್ಟೇ ಇರಬೇಕು ಅಂದರೆ ತಂತಿಯ ದಪ್ಪ ನೂರಕ್ಕೆ 12ರಷ್ಟು ಹೆಚ್ಚಬೇಕು. ಇ9ಕ್ಕೆ ರೂಢಿಯಲ್ಲಿರುವ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ, 13, 15, 11, 14, 17, 20, ಆಮೇಲೆ ಸುತ್ತಿದ ತಂತಿ 26, 30, 34, 36. ಡಿ9ಕ್ಕೆ ಗುಣಿಸಿದರೆ ಹೆಚ್ಚೂಕಮ್ಮಿ 14 ಅಥವಾ 15, 17, 12, 16, 19, 22, 29, 34, 38, 40 ಬರುತ್ತದೆ.

ಈಗ ಇದನ್ನು ಎಲ್ಲಿಂದ ತರುವುದು? ಪೆಡಲ್ ಸ್ಟೀಲ್ ಸೆಟ್ ಅಂತ ಕೇಳಿದರೆ ನಮ್ಮ ಕಡೆ ಅಂಗಡಿಯವರು ಸ್ಟೀಲ್ ಪಾತ್ರೆ ಅಂಗಡಿ ತೋರಿಸಿಯಾರು. ಹೊರಗಿಂದ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ನಾನು ಕಂಡುಕೊಂಡ ಉಪಾಯ, ಎರಡು ಸಾದಾ ಎಲೆಕ್ಟ್ರಿಕ್ ಗಿಟಾರ್ ಸೆಟ್. ಒಂದು 11-49, ಇನ್ನೊಂದು 12-54. ಮೊದಲನೆಯದರಲ್ಲಿ 11, 14, 18, 28, 38, 49 ಇರುತ್ತವೆ. ಎರಡನೆಯದರಲ್ಲಿ 12, 16, 20, 32, 42, 54. ಈಗ ಜೋಡಿಸಿ ನೋಡಿ. ಒಂದನೇ ತಂತಿಗೆ 14, ಮೂರಕ್ಕೆ 12, ನಾಲ್ಕಕ್ಕೆ 16, ಐದಕ್ಕೆ 18, ಆರಕ್ಕೆ 20, ಏಳಕ್ಕೆ 28, ಎಂಟಕ್ಕೆ 32, ಒಂಬತ್ತಕ್ಕೆ 38, ಹತ್ತಕ್ಕೆ 42. ಹತ್ತರಲ್ಲಿ ಒಂಬತ್ತು ಕೂತವು! ಎರಡನೇ ತಂತಿಗೆ 17 ಮಾತ್ರ ಬೇಕು, ಅದು 10-46 ಸೆಟ್ಟಿನಲ್ಲಿದೆ, ಇಲ್ಲವೇ ಬಿಡಿಯಾಗಿ ಸಿಗುತ್ತದೆ. ಆರನೇ ತಂತಿ ಲೆಕ್ಕಕ್ಕಿಂತ ಸ್ವಲ್ಪ ಸಡಿಲ, ಹತ್ತನೆಯದು ಸ್ವಲ್ಪ ಬಿಗಿ. 22ರ ಬಿಡಿ ತಂತಿ ಸಿಕ್ಕಿದ ದಿನ ಆರನೆಯದನ್ನು ಬದಲಿಸಿ. ಸಿಗದಿದ್ದರೆ ಅದಕ್ಕೋಸ್ಕರ ನಿದ್ದೆ ಕೆಡಿಸಿಕೊಳ್ಳಬೇಡಿ.

ಎರಡು ಎಚ್ಚರಿಕೆ. 12ರ ಸೆಟ್ಟುಗಳಲ್ಲಿ ಕೆಲವಕ್ಕೆ ಮೂರನೆಯದು ಸುತ್ತಿದ 24 ಇರುತ್ತದೆ, ನಿಮಗೆ ಬೇಕಾದದ್ದು ಸುತ್ತದ 20. ಕವರಿನ ಹಿಂದೆ ಬರೆದಿರುತ್ತದೆ, ಓದಿ ಕೊಳ್ಳಿ. ಇನ್ನೊಂದು, ಎಲೆಕ್ಟ್ರಿಕ್ ಸೆಟ್ಟೇ ಆಗಬೇಕು. ನಾನು ಮೊದಲ ಸಲ ಫೋನಿನಲ್ಲಿ ಹೇಳಿ ಬೆಂಗಳೂರಿನ ಒಂದು ಅಂಗಡಿಯಿಂದ ಬಸ್ಸಿನಲ್ಲಿ ತರಿಸಿದೆ. ಬಂದದ್ದು ಅಕೂಸ್ಟಿಕ್ ಗಿಟಾರಿನ ಕಂಚಿನ ತಂತಿ. ಹೊಳಪಿಗೆ ಮರುಳಾಗಿ ಹಾಕಿಯೂ ಬಿಟ್ಟೆ. ಮೇಲಿನ ಆರು ತಂತಿ ಗಂಟೆ ಹೊಡೆದ ಹಾಗೆ, ಕೆಳಗಿನ ನಾಲ್ಕು ಪಕ್ಕದ ಬೀದಿಯಿಂದ ಕೇಳಿದ ಹಾಗೆ. ಪಿಕಪ್‌ನ ಅಯಸ್ಕಾಂತಕ್ಕೆ ಕಂಚು ಕಾಣುವುದಿಲ್ಲ, ಒಳಗಿನ ಸಣ್ಣ ಕಬ್ಬಿಣದ ಎಳೆ ಮಾತ್ರ ಕಾಣುತ್ತದೆ. ವಾಪಸ್ ತಗೊಳ್ತೀರಾ ಅಂದರೆ, "ಕವರ್ ಬಿಚ್ಚಿದ್ದೀರಲ್ಲ ಸಾರ್" ಅಂದರು. ಸರಿ, ಬಿಚ್ಚಿದ್ದೆ.

ದಪ್ಪ ತಂತಿ ಹಾಕಿದರೆ ಪೆಡಲ್ ನಟ್ ಮುಟ್ಟುವ ಕೆಲಸ ತಪ್ಪುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಎಳೆತ ಮೊದಲಿನಷ್ಟೇ ಆದಮೇಲೆ ಎಲ್ಲ ಮೊದಲಿನಂತೆ ಇರಬೇಕಲ್ವಾ? ಇರುವುದಿಲ್ಲ. ದಪ್ಪ ತಂತಿ ಹಿಗ್ಗುವುದು ಕಮ್ಮಿ. ಹಿಗ್ಗುವುದು ಕಮ್ಮಿಯಾದರೆ, ಅಷ್ಟೇ ದೂರ ಎಳೆದಾಗ ಎಳೆತ ಹೆಚ್ಚು ಏರುತ್ತದೆ. ಸುತ್ತದ ತಂತಿಯಲ್ಲಿ ಒಂದು ಸ್ವರ ಏರಿಸಲು ಎಷ್ಟು ದೂರ ಎಳೆಯಬೇಕು ಅನ್ನುವುದು ದಪ್ಪದ ಮೇಲೆ ನಿಂತಿಲ್ಲ, ಶ್ರುತಿ ಮತ್ತು ಉದ್ದದ ಮೇಲೆ ನಿಂತಿದೆ. ಹಾಗಾಗಿ ಸಡಿಲ ತಂತಿಯಾದರೂ ಅಷ್ಟೇ, ದಪ್ಪ ತಂತಿಯಾದರೂ ಅಷ್ಟೇ. ಡಿ9ಕ್ಕೆ ಇಳಿದರೆ ಪೆಡಲಿನ ಎಳೆತದ ದೂರ ಐದರಲ್ಲಿ ಒಂದು ಪಾಲು ಕಮ್ಮಿ ಸಾಕು. ನಟ್ ಸಡಿಲಿಸುವ ಸಂಜೆ ಎರಡು ದಾರಿಗೂ ಕಟ್ಟಿಟ್ಟ ಬುತ್ತಿ. ವ್ಯತ್ಯಾಸ ಕಾಲಿಗೆ ಮಾತ್ರ ಗೊತ್ತಾಗುತ್ತದೆ. ದಪ್ಪ ತಂತಿಯಲ್ಲಿ ಪೆಡಲ್ ಮೊದಲಿನಷ್ಟೇ ಗಟ್ಟಿ, ಸಡಿಲ ತಂತಿಯಲ್ಲಿ ಮೆತ್ತಗೆ.

ಮೂರನೇ ತಂತಿ ತುಂಡಾಗುವ ವಿಷಯವೂ ಇದೇ ಥರದ್ದು. ಇ9ರಲ್ಲಿ ಅದು 11ರ ತಂತಿ, ಶ್ರುತಿ ಜಿ ಶಾರ್ಪ್. ಬಿ ಪೆಡಲ್ ತುಳಿದಾಗಲೆಲ್ಲ ಎ ವರೆಗೆ ಏರುತ್ತದೆ. ಆ ಉದ್ದಕ್ಕೆ ಆ ಸ್ವರ ಉಕ್ಕಿನ ತಂತಿಯ ತಾಕತ್ತಿನ ಅಂಚಿನಲ್ಲೇ ಇದೆ. ಜೊತೆಗೆ ಪ್ರತಿ ಸಲ ಅದೇ ಜಾಗದಲ್ಲಿ ಬಾಗಿ ನೇರವಾಗಿ ಬಾಗಿ ನೇರವಾಗಿ ಸವೆಯುತ್ತದೆ. ಸಕಲೇಶಪುರದ ಒಂದು ಆರತಕ್ಷತೆಯಲ್ಲಿ ನನ್ನದು ಚಟ್ ಅಂತ ಹೋಗಿ ಮುಂಗೈ ಮೇಲೆ ಸಣ್ಣ ಗೀರು ಎಳೆಯಿತು. ಪಕ್ಕದವರು, "ದಪ್ಪದ್ದು ಹಾಕಿ ಸಾರ್, ಉಳಿಯುತ್ತೆ" ಅಂದರು. ಅದೇ ಶ್ರುತಿಗೆ 12ರದ್ದು ಹಾಕಿದರೆ ಉಳಿಯುವುದಿಲ್ಲ. ತಂತಿ ದಪ್ಪವಾದಷ್ಟೂ ಅದನ್ನು ಆ ಸ್ವರಕ್ಕೆ ಎಳೆಯುವ ಭಾರವೂ ಅಷ್ಟೇ ಹೆಚ್ಚುತ್ತದೆ, ಲೆಕ್ಕ ಸಮ ಸಮ. ತಂತಿಯನ್ನು ಉಳಿಸುವುದು ಶ್ರುತಿ ಇಳಿಸುವುದೇ. ಡಿ9ರಲ್ಲಿ ಅದರ ಮೇಲಿನ ಒತ್ತಡ ಐದರಲ್ಲಿ ಒಂದು ಪಾಲು ಕಮ್ಮಿ. ತಿಂಗಳಿಗೊಂದು ತುಂಡಾಗುತ್ತಿದ್ದ ಮೂರನೇ ತಂತಿ ಡಿ9ಕ್ಕೆ ಬಂದಮೇಲೆ ನನಗೆ ತುಂಡಾಗಿಲ್ಲ. ಈಗ ಬದಲಿಸುವುದು ತುಕ್ಕಿಗೆ. ಮಲೆನಾಡಿನ ಅಂಚು, ಜುಲೈ ಬಂತೆಂದರೆ ಬೀರುವಿನೊಳಗಿನ ಪಂಚೆಗೂ ಬೂಸ್ಟು ಹಿಡಿಯುತ್ತದೆ, ತಂತಿ ಬಿಟ್ಟೀತಾ? ನುಡಿಸಿ ಆದಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮೇಲೊಂದು ದಪ್ಪ ಬಟ್ಟೆ ಹೊದಿಸಿ.

ಡಿ9ರ ಒಂದು ಕಿರಿಕಿರಿಯನ್ನೂ ಹೇಳಬೇಕು. ಎಡತುದಿಯಲ್ಲಿ ತಂತಿ ಕೂರುವ ಸಣ್ಣ ಉರುಳೆಗಳನ್ನು ಹಳೇ ದಪ್ಪದ ಲೆಕ್ಕಕ್ಕೆ ಮಾಡಿರುತ್ತಾರೆ, ಎಲ್ಲ ತಂತಿಯ ತಲೆ ಒಂದೇ ಮಟ್ಟಕ್ಕೆ ಬರಲಿ ಅಂತ. 12, 16 ಎಲ್ಲ ತೊಂದರೆ ಕೊಡಲಿಲ್ಲ. 42ರದ್ದು ಉರುಳೆಯ ತೋಡಿನಲ್ಲಿ ಪೂರ್ತಿ ಕೂರದೆ ಮೇಲೆದ್ದು ನಿಂತಿತು. ಮೊದಲ ಎರಡು ಫ್ರೆಟ್‌ಗಳಲ್ಲಿ ಬಾರ್ ಇಟ್ಟರೆ ಪಕ್ಕದ ತಂತಿ ಜೀ ಅನ್ನುತ್ತದೆ. ನಾನು ಹತ್ತನೆಯದಕ್ಕೆ ಈಗ ಇನ್ನೊಂದು 38 ಹಾಕಿಕೊಂಡಿದ್ದೇನೆ. ಸ್ವಲ್ಪ ಸಡಿಲ, ಆದರೆ ಜೀ ಅನ್ನುವುದಿಲ್ಲ.

ಶ್ರುತಿ ಕೂರಿಸುವಾಗ ಟ್ಯೂನರ್ ಹೇಳಿದ್ದೇ ವೇದವಾಕ್ಯ ಅಂದುಕೊಳ್ಳಬೇಡಿ. 3 ಮತ್ತು 6ನೇ ತಂತಿ ಡಿ ಕಾರ್ಡಿನ ಗಾಂಧಾರ. ಟ್ಯೂನರಿನ ಸೊನ್ನೆಗಿಂತ 14 ಸೆಂಟ್ ವರೆಗೆ ಕೆಳಗಿಟ್ಟರೆ ಷಡ್ಜದ ಜೊತೆ ಅಲುಗಾಡದೆ ಸೇರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೀಬೋರ್ಡ್ ಜೊತೆ ನುಡಿಸುವುದಾದರೆ ಅಷ್ಟು ಇಳಿಸಬೇಡಿ, 7-8 ಸೆಂಟಿಗೆ ನಿಲ್ಲಿಸಿ. ಕೀಬೋರ್ಡ್ ತನ್ನ ಗಾಂಧಾರವನ್ನು ಬಗ್ಗಿಸುವುದಿಲ್ಲ, ನಾವೇ ಬಗ್ಗಬೇಕು.

ತಂತಿ ಮುಟ್ಟದೆ ಎಲೆಕ್ಟ್ರಾನಿಕ್ಸಿನಲ್ಲಿ ಇಳಿಸುವುದು

ಡಿಜಿಟೆಕ್ ಡ್ರಾಪ್ ಥರದ ಪಿಚ್ ಇಳಿಸುವ ಎಫೆಕ್ಟ್ ಪೆಡಲ್‌ಗಳಿವೆ. ಗುಂಡಿ ತಿರುಗಿಸಿದರೆ ಅರ್ಧ ಸ್ವರದಿಂದ ಹಿಡಿದು ಒಂದು ಆಕ್ಟೇವ್ ವರೆಗೆ ಇಳಿಯುತ್ತದೆ. ಗೆಳೆಯರೊಬ್ಬರದ್ದು ಒಂದು ವಾರ ಇಟ್ಟುಕೊಂಡಿದ್ದೆ. ಅನುಕೂಲ ಏನೆಂದರೆ ನಟ್, ಸ್ಪ್ರಿಂಗ್, ತಂತಿ ಯಾವುದನ್ನೂ ಮುಟ್ಟಬೇಕಿಲ್ಲ. ಒಂದು ಹಾಡಿಗೆ ಡಿ, ಮುಂದಿನ ಹಾಡಿಗೆ ವಾಪಸ್ ಇ. ಒಂದೇ ಒಂದು ಹಾಡಿಗೆ ಇಳಿದ ತೆರೆದ ತಂತಿ ಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಹೊಸದು 15,000 ರೂಪಾಯಿಗೆ ಕಮ್ಮಿ ಸಿಗುವುದು ಕಷ್ಟ.

ದನಿ? ಒಂದು ಸ್ವರದಷ್ಟು ಇಳಿಸಿದಾಗ ಪರವಾಗಿಲ್ಲ. ಇನ್ನೂ ಕೆಳಗೆ ಹೋದರೆ ನೀರಿನೊಳಗಿಂದ ಬಂದ ಹಾಗೆ. ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಒಂದು ಚಿಟಿಕೆ ತಡ ಇರುತ್ತದೆ, ವೇಗದ ಹಾಡಿನಲ್ಲಿ ಬೆರಳಿಗೆ ಗೊತ್ತಾಗುತ್ತದೆ. ನನಗೆ ಕಾಡಿದ್ದು ಬೇರೆ. ರಾತ್ರಿ ಮನೆಯವರು ಮಲಗಿದ ಮೇಲೆ ದನಿ ಸಣ್ಣ ಮಾಡಿಕೊಂಡು ನುಡಿಸುತ್ತೇನೆ. ಆಗ ಆಂಪಿನಿಂದ ಡಿ ಬರುತ್ತಿದ್ದರೆ, ಕೈ ಕೆಳಗಿನ ತಂತಿಯಿಂದ ಸಣ್ಣಗೆ ಇ ಕೇಳುತ್ತಿರುತ್ತದೆ. ಎರಡೂ ಒಟ್ಟಿಗೆ. ಹತ್ತು ನಿಮಿಷಕ್ಕೆ ತಲೆನೋವು. ಸ್ಟೇಜಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ತಮಟೆ, ಡ್ರಮ್ಸ್ ನಡುವೆ ತಂತಿಯ ಸ್ವಂತ ದನಿ ಯಾರಿಗೆ ಕೇಳೀತು. ಮೂರನೇ ತಂತಿ ತುಂಡಾಗುವವರಿಗಂತೂ ಇದರಿಂದ ನಯಾಪೈಸೆ ಉಪಯೋಗ ಇಲ್ಲ. ತಂತಿ ಇನ್ನೂ ಜಿ ಶಾರ್ಪಿನಲ್ಲೇ ಬಿಗಿದಿದೆಯಲ್ಲ.

ಇನ್ನೂ ಆಳ ಬೇಕಾದರೆ

ಒಂದು ಸ್ವರ ಇಳಿಸಿದರೆ ಕೆಳಗಿನ ತಂತಿ 123 ಹರ್ಟ್ಸ್‌ನಿಂದ 110ಕ್ಕೆ ಬರುತ್ತದೆ. ಬೆಚ್ಚಗಾಗುತ್ತದೆ ನಿಜ, ಗುಡುಗುವುದಿಲ್ಲ. ನಿಮಗೆ ಬೇಕಾದದ್ದು ಮಂದ್ರ ಸ್ಥಾಯಿಯೇ ಆದರೆ ಶ್ರುತಿ ಇಳಿಸುವುದು ಅದರ ದಾರಿಯಲ್ಲ. ಎರಡು ಕುತ್ತಿಗೆಯ, ಅಂದರೆ ಎರಡು ಸಾಲು ತಂತಿಯ, ವಾದ್ಯ ಇದ್ದರೆ ನಿಮ್ಮ ಕಡೆಗಿನದು ಸಾಮಾನ್ಯವಾಗಿ ಸಿ6 ಟ್ಯೂನಿಂಗ್. ಅದರ ಹತ್ತನೇ ತಂತಿ 65 ಹರ್ಟ್ಸ್‌ನ ಸಿ, ಇ9ರ ಕೆಳ ತಂತಿಗಿಂತ ಹತ್ತಿರ ಹತ್ತಿರ ಒಂದು ಆಕ್ಟೇವ್ ಕೆಳಗೆ. ಎಷ್ಟೋ ಜನರ ವಾದ್ಯದಲ್ಲಿ ಆ ಕುತ್ತಿಗೆ ಮೊಣಕೈ ಊರೋಕೆ ಮಾತ್ರ ಬಳಕೆಯಾಗುತ್ತಿರುತ್ತದೆ. ಹನ್ನೆರಡು ತಂತಿಯ ಇ9 ವಾದ್ಯಗಳೂ ಇವೆ, ಕೆಳಗೆ ಜಿ ಶಾರ್ಪ್ ಮತ್ತು ಇ ಸೇರಿರುತ್ತದೆ. ಇಲ್ಲಿಗೆ ತರಿಸುವ ಖರ್ಚು ಕೇಳಿದರೆ ಒಂದು ಹಸು ಕೊಳ್ಳಬಹುದು, ಹಾಗಾಗಿ ಅದರ ಬಗ್ಗೆ ಜಾಸ್ತಿ ಹೇಳಲ್ಲ.

ನಮ್ಮ ಕಡೆ ಹೆಚ್ಚು ಜನರ ಅಟ್ಟದ ಮೇಲೆ ಇರುವುದು ಹವಾಯಿಯನ್ ಗಿಟಾರ್. ಪೆಡಲ್ ಇಲ್ಲ, ತೊಡೆ ಮೇಲೆ ಇಟ್ಟು ನುಡಿಸುವುದು. ಹಳೇ ಚಿತ್ರಗೀತೆ ನುಡಿಸುವ ಹಿರಿಯರ ಮನೆಯಲ್ಲಿ ಒಂದಾದರೂ ಸಿಗುತ್ತದೆ. ಅದರಲ್ಲಿ ಶ್ರುತಿ ಇಳಿಸಲು ಈ ಯಾವ ರಾಮಾಯಣವೂ ಇಲ್ಲ. ಓಪನ್ ಇ ಇದ್ದರೆ ಆರೂ ತಂತಿಯನ್ನು ಒಂದು ಸ್ವರ ಇಳಿಸಿ, ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಓಪನ್ ಡಿ ಆಯಿತು, ಐದು ನಿಮಿಷ. ಬಿಳಿ ಎರಡರ ಭಾವಗೀತೆಗೆ ತೆರೆದ ತಂತಿ ತಂಬೂರಿಯ ಹಾಗೆ ಕೂರುತ್ತದೆ. ಪೆಡಲಿನ ಆ ಕೊರಗುವ ಏರಿಕೆ ಮಾತ್ರ ಇರುವುದಿಲ್ಲ, ಬಾರ್ ಓರೆ ಮಾಡಿ ಅದರ ಹತ್ತಿರಕ್ಕೆ ಹೋಗಬೇಕು. ನಿಮ್ಮ ಕಾರ್ಯಕ್ರಮದಲ್ಲಿ ಇಂಥ ಹಾಡು ಎರಡೋ ಮೂರೋ ಇದ್ದರೆ, ಪೆಡಲ್ ಸ್ಟೀಲನ್ನು ಇ9ರಲ್ಲೇ ಬಿಟ್ಟು ಪಕ್ಕದಲ್ಲಿ ಇದೊಂದನ್ನು ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ನನ್ನದು ಈಗ ಡಿ9ರಲ್ಲೇ ಇದೆ. ನಾವು ನುಡಿಸುವುದರಲ್ಲಿ ಮುಕ್ಕಾಲು ಪಾಲು ಬಿಳಿ ಎರಡು, ಹಾಗಾಗಿ ನನಗಿದು ಸರಿ. ಪುಸ್ತಕ, ವಿಡಿಯೋ ನೋಡಿ ಕಲಿಯುತ್ತಿರುವ ಹೊಸಬರಾದರೆ ಮಾತ್ರ ಈ ದಾರಿ ಬೇಡ. ಎಲ್ಲ ಪಾಠವೂ ಇ9ರ ಫ್ರೆಟ್ ಲೆಕ್ಕದಲ್ಲೇ ಇರುತ್ತದೆ, ಪ್ರತಿಯೊಂದಕ್ಕೂ ಎರಡು ಕೂಡಿಸಿಕೊಂಡು ಕೂತರೆ ತಲೆ ಕೆಡುತ್ತದೆ. ಒಂದು ವರ್ಷ ಇ9ರಲ್ಲೇ ಕೈ ಕೂರಲಿ. ಉಳಿದ 11, 49, 54ರ ತಂತಿಗಳನ್ನು ಎಸೆಯಬೇಡಿ. 11 ವಾಪಸ್ ಇ9ಕ್ಕೆ ಹೋಗುವ ದಿನ ಮೂರನೇ ತಂತಿಗೆ ಆಗುತ್ತದೆ. 49, 54 ಎರಡನ್ನೂ ಸಿ6 ಕುತ್ತಿಗೆ ಇರುವ ಯಾರಿಗಾದರೂ ಕೊಡಿ. ನಾನು ಅವನ್ನು ನಟ್ ಸುತ್ತುಗಳ ಆ ನೋಟ್‌ಬುಕ್ಕಿನ ಜೊತೆ ಹಳೇ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಮೊನ್ನೆ ಆ ಡಬ್ಬಿ ನೋಡಿ ಅಣ್ಣ ಕೇಳಿದರು, "ಗಂಟಲು ಯಾಕೋ ಸರಿಯಿಲ್ಲ ಕಣೋ, ಕರಿ ಒಂದಕ್ಕೆ ಇಳಿಸ್ತೀಯಾ?" ಈ ಸಲ ಬಾರನ್ನು ಎತ್ತಿ, ಪೆಡಲ್ ಇಲ್ಲದೆ 11ನೇ ಫ್ರೆಟ್ಟಿಗೆ ಇಟ್ಟು ಮೀಟಿದೆ. "ಇಳೀತಲ್ಲ ಅಣ್ಣ, ಹಾಡಿ" ಅಂದೆ.